ಆರ್ಕ್‌ನೈಟ್ಸ್: 18 ರಿಸ್ಕ್‌ಗೆ ತಂಡ ಕಟ್ಟುವ ಬಗೆ

ಆರ್ಕ್‌ನೈಟ್ಸ್ ಶತ್ರುಗಳ ಅಲೆಗಳನ್ನು ತಡೆಯುವ ಮೊಬೈಲ್ ಗೇಮ್. ಅದರ ಕಂಟಿಂಜೆನ್ಸಿ ಕಾಂಟ್ರ್ಯಾಕ್ಟ್ ಎಂಬ ಸವಾಲಿನಲ್ಲಿ ಆಟ ಕಷ್ಟವಾಗಿಸುವ ಷರತ್ತುಗಳನ್ನು (ಕಾಂಟ್ರ್ಯಾಕ್ಟ್) ನಾವೇ ಆರಿಸುತ್ತೇವೆ, ಅವುಗಳ ಒಟ್ಟು ಅಂಕವೇ ರಿಸ್ಕ್. ಇಲ್ಲಿ ತಂಡದವರ ಲೆವೆಲ್ ಏರಿಸುವುದಕ್ಕಿಂತ ಮೊದಲು ಲೆಕ್ಕ ಹಾಕಿ. ಫಿಸಿಕಲ್ ಹೊಡೆತದಲ್ಲಿ ನಮ್ಮ ಅಟ್ಯಾಕ್‌ನಲ್ಲಿ ಶತ್ರುವಿನ ಡಿಫೆನ್ಸ್‌ನಷ್ಟು ನೇರವಾಗಿ ಕಳೆದುಹೋಗುತ್ತದೆ. ಎಷ್ಟೇ ಕಳೆದರೂ ಕನಿಷ್ಠ ಅಟ್ಯಾಕ್‌ನ ಶೇ. 5 ಖಂಡಿತ ತಗಲುತ್ತದೆ. 1000 ಅಟ್ಯಾಕ್, 800 ಡಿಫೆನ್ಸ್ ಇದ್ದರೆ ಉಳಿಯುವುದು 200. ಅಟ್ಯಾಕ್ ಶೇ. 30 ಏರಿದರೆ ಅದೇ 500 ಆಗುತ್ತದೆ, ಎರಡೂವರೆ ಪಟ್ಟು! ಆದರೆ 500 ಅಟ್ಯಾಕ್‌ನವರು ಎರಡು ಸಲ ಹೊಡೆದರೂ ಸಿಗುವುದು 50 (ಕನಿಷ್ಠ 25 + 25) ಅಷ್ಟೇ. ಹಾಗಾಗಿ ಡಿಫೆನ್ಸ್ ಏರಿಸುವ ಕಾಂಟ್ರ್ಯಾಕ್ಟ್ ಆರಿಸಿದಾಗ ಪಟಪಟ ಹೊಡೆಯುವ ಸ್ನೈಪರ್‌ಗಳು ಸೋಲುತ್ತಾರೆ. ಅಲ್ಲಿ ಆರ್ಟ್ಸ್ (ಮಾಯಾಶಕ್ತಿ) ಬಳಸುವ ಕ್ಯಾಸ್ಟರ್‌ಗಳೇ ಸರಿ: ಆರ್ಟ್ಸ್ ಹೊಡೆತಕ್ಕೆ ರೆಸಿಸ್ಟೆನ್ಸ್ ಶೇಕಡಾವಾರು ಮಾತ್ರ ಅಡ್ಡ ಬರುತ್ತದೆ, 50 ಇದ್ದರೆ ಅರ್ಧ ಹೊಡೆತ ತಗಲುತ್ತದೆ.

ತಂಡದವರನ್ನು ಕಣಕ್ಕೆ ಇಳಿಸುವ ಕ್ರಮದಲ್ಲೇ ಹೆಚ್ಚು ಜನ ಎಡವುತ್ತಾರೆ. ದೂರದಿಂದ ಹೊಡೆಯುವ ಶತ್ರುಗಳು ಸಾಮಾನ್ಯವಾಗಿ ಕೊನೆಗೆ ಇಳಿದವರನ್ನೇ ಗುರಿ ಮಾಡುತ್ತವೆ. ಗುಣಪಡಿಸುವ ಮೆಡಿಕ್ ಕೊನೆಗೆ ಬಂದರೆ ಆಕೆ ಮೊದಲು ಬೀಳುತ್ತಾಳೆ, ಹಿಂದೆಯೇ ಇಡೀ ಸಾಲು ಕುಸಿಯುತ್ತದೆ. ಮೆಡಿಕ್ ಮೊದಲು, ಹೊಡೆತ ತಾಳುವ ಡಿಫೆಂಡರ್ ಕೊನೆಗೆ.

ಬಾಸ್‌ನ ದೊಡ್ಡ ಸ್ಕಿಲ್ ಬರುವ ಕ್ಷಣಕ್ಕೆ ಬೇಗ ಮರಳುವ ಸ್ಪೆಷಲಿಸ್ಟ್ ಒಬ್ಬರನ್ನು ಇಳಿಸಿ. ಹೊಡೆತ ಅವರ ಮೇಲೆ ಹೋಗಲಿ. ವಾಪಸ್ ಕರೆದರೆ ಇಳಿಸಲು ಖರ್ಚಾದ ಡಿಪಿಯ (ಕಣಕ್ಕೆ ಇಳಿಸಲು ಬೇಕಾದ ಅಂಕ) ಅರ್ಧ ಮರಳುತ್ತದೆ, ಆದರೆ ಮುಂದಿನ ಸಲ ವೆಚ್ಚ ಒಂದೂವರೆ ಪಟ್ಟು, ಆಮೇಲೆ ಎರಡು ಪಟ್ಟು. ಡಿಪಿ ತಾನಾಗಿ ಏರುವುದು ಸೆಕೆಂಡಿಗೆ 1 ಮಾತ್ರ. ಆರಂಭದ ಅಲೆ ಮುಗಿದ ಕೂಡಲೇ ಡಿಪಿ ಗಳಿಸಿಕೊಡುವ ವ್ಯಾನ್‌ಗಾರ್ಡ್‌ಗಳನ್ನು ಹಿಂದಕ್ಕೆ ಕರೆದು ಜಾಗ ಬಿಡಿಸಿಕೊಳ್ಳಿ.