ಟ್ರಿಪ್‌ನಲ್ಲಿದ್ದಾಗ ಅಸೈನ್‌ಮೆಂಟ್ ಡೆಡ್‌ಲೈನ್ ತಪ್ಪದಿರಲು
ಹೊರದೇಶದಲ್ಲಿ ಓದುತ್ತಾ ನಡುನಡುವೆ ಊರು ಸುತ್ತುವವರು ಡೆಡ್‌ಲೈನ್‌ಗೆ ಫೋನ್ ಅಲಾರಂ ಇಡಬೇಡಿ. ಗೂಗಲ್ ಕ್ಯಾಲೆಂಡರ್‌ನಲ್ಲಿ ಹಾಕಿ, ಅಲ್ಲಿ ಟೈಮ್ ಝೋನ್ ಅಂತ ಇರುವ ಕಡೆ ನಿಮ್ಮ ಯೂನಿವರ್ಸಿಟಿ ಇರುವ ಊರಿನದ್ದನ್ನೇ ಆರಿಸಿ. ಗಡಿ ದಾಟಿದ ಕೂಡಲೇ ಫೋನ್ ಗಡಿಯಾರ ಆ ಊರಿನ ಸಮಯಕ್ಕೆ ಬದಲಾಗುತ್ತೆ, ಅಲಾರಂ ಕೂಡ ಅದರ ಜೊತೆಗೇ ಹೋಗುತ್ತೆ, ಆದರೆ ಯೂನಿವರ್ಸಿಟಿ ಪೋರ್ಟಲ್ ಮಾತ್ರ ತನ್ನ ಸಮಯಕ್ಕೇ ಮುಚ್ಚುತ್ತೆ. ಹೆಲ್ಸಿಂಕಿಯಲ್ಲಿ ಓದುವವರು ಲಿಸ್ಬನ್‌ಗೆ ಹೋದರೆ 2 ಗಂಟೆ ವ್ಯತ್ಯಾಸ. ರಾತ್ರಿ 11:59ರ ಡೆಡ್‌ಲೈನ್ ಅಲ್ಲಿ 9:59ಕ್ಕೇ ಮುಗಿದಿರುತ್ತೆ, ನೀವು ಇನ್ನೂ ಊಟ ಮಾಡ್ತಾ ಕೂತಿರ್ತೀರಿ! ಝೋನ್ ಸರಿಯಾಗಿದ್ದರೆ ಕ್ಯಾಲೆಂಡರ್ ತಾನೇ 9:59 ಅಂತ ತೋರಿಸುತ್ತೆ. ರಿಮೈಂಡರ್ ಒಂದು ದಿನ ಮೊದಲು ಒಂದು, 3 ಗಂಟೆ ಮೊದಲು ಇನ್ನೊಂದು ಇಡಿ. 'ಇಡೀ ದಿನ' ಅಂತ ಹಾಕಿದರೆ ಇದು ಕೆಲಸ ಮಾಡಲ್ಲ, ಅದಕ್ಕೆ ಝೋನೇ ಇರಲ್ಲ. ಹೋಟೆಲ್ ವೈಫೈ ಕೈಕೊಟ್ಟರೂ ಅಷ್ಟೇ, ಯಾವ ಕ್ಯಾಲೆಂಡರೂ ಕಾಪಾಡಲ್ಲ, ಹಾಗಾಗಿ ದೊಡ್ಡ ಫೈಲ್ ಇದ್ದರೆ ಹೊರಡೋ ಮೊದಲೇ ಒಂದು ಪ್ರತಿ ಅಪ್‌ಲೋಡ್ ಮಾಡಿಬಿಡಿ. ಆಮೇಲೆ ಬದಲಾಯಿಸೋಕೆ ಬಿಡ್ತಾರಾ ಅಂತ ಮೊದಲು ನೋಡ್ಕೊಳ್ಳಿ.