ಬಿ.ಪಿ. ಮಾತ್ರೆ ನಡುವೆ ನಿಲ್ಲದಂತೆ ನೋಡಿಕೊಳ್ಳುವುದು: ಕೊಡಗಿನ ಆರೋಗ್ಯ ಕಾರ್ಯಕರ್ತರಿಗೆ ಮಾರ್ಗದರ್ಶಿ

ರಕ್ತದೊತ್ತಡ ಹೆಚ್ಚಿರುವ ಬಹುಪಾಲು ಜನರಿಗೆ ನೋವಿರುವುದಿಲ್ಲ, ಕೆಲಸಕ್ಕೆ ಹೋಗಲು ಅಡ್ಡಿಯೂ ಇರುವುದಿಲ್ಲ. ಆದ್ದರಿಂದಲೇ ಆರಂಭಿಸಿದ ಮಾತ್ರೆ ಕೆಲವೇ ತಿಂಗಳಲ್ಲಿ ನಿಂತುಹೋಗುತ್ತದೆ. ತೋಟದ ಕಾರ್ಮಿಕರ ಲೈನ್ ಮನೆಗಳಿಗೆ ಮತ್ತು ಆದಿವಾಸಿ ಹಾಡಿಗಳಿಗೆ ಹೋಗುವ ಆಶಾ ಕಾರ್ಯಕರ್ತೆಯರು ಮತ್ತು ಸಮುದಾಯ ಆರೋಗ್ಯ ಅಧಿಕಾರಿಗಳು ಹೊಸಬರನ್ನು ಪತ್ತೆಹಚ್ಚುವಷ್ಟೇ ಶ್ರದ್ಧೆಯನ್ನು ಹಳಬರ ಮಾತ್ರೆ ತಪ್ಪದಂತೆ ನೋಡಿಕೊಳ್ಳುವುದಕ್ಕೂ ಕೊಡಬೇಕು.

ಮೊದಲು ಅಳತೆ ಸರಿಯಾಗಿರಲಿ. ಕಾಫಿ ಕುಡಿದು, ಹೊಗೆಸೊಪ್ಪು ಜಗಿದು ಅಥವಾ ತೋಟದ ಏರು ಹತ್ತಿ ಬಂದು ಅರ್ಧ ಗಂಟೆ ಕಳೆಯುವವರೆಗೆ ಅಳೆಯಬಾರದು. ಕೊಡಗಿನಲ್ಲಿ ಬಂದವರಿಗೆ ಕಾಫಿ ಕೊಡದೆ ಕಳುಹಿಸುವ ಮನೆ ಕಡಿಮೆ. ಅಳತೆ ಮುಗಿದ ಮೇಲೆ ಒಟ್ಟಿಗೆ ಕುಡಿಯೋಣವೆಂದು ಮೊದಲೇ ಹೇಳಿಬಿಡಿ. ಮೂತ್ರಕ್ಕೆ ಹೋಗಿಬಂದವರನ್ನು ಬೆನ್ನಿಗೆ ಆಸರೆಯಿಟ್ಟು, ಪಾದಗಳು ನೆಲಕ್ಕೆ ತಾಗುವಂತೆ 5 ನಿಮಿಷ ಸುಮ್ಮನೆ ಕೂರಿಸಿ. ಕುರ್ಚಿ ಇಲ್ಲದಿದ್ದರೆ ಜಗಲಿಯ ಗೋಡೆಗೆ ಒರಗಿಕೊಳ್ಳಲಿ. ಎಷ್ಟೇ ಚಳಿಯಿದ್ದರೂ ಸ್ವೆಟರ್ ಮೇಲೆ ಬಿ.ಪಿ. ಅಳೆಯುವ ಪಟ್ಟಿ ಸುತ್ತಬಾರದು, ಬಟ್ಟೆಯ ಬಿಗಿಯಾದ ತೋಳನ್ನು ಮೇಲಕ್ಕೆ ಮಡಚಿಯೂ ಸುತ್ತಬಾರದು. ಬರಿ ತೋಳಿಗೆ ಸುತ್ತಿ, ತೋಳು ಎದೆಯ ಮಟ್ಟದಲ್ಲಿರುವಂತೆ ಆಸರೆ ಕೊಟ್ಟು, ಮಾತಾಡಿಸದೆ, ಒಂದೆರಡು ನಿಮಿಷದ ಅಂತರದಲ್ಲಿ ಎರಡು ಸಲ ಅಳೆಯಿರಿ.

ಬೇರೆ ಬೇರೆ ದಿನಗಳಲ್ಲಿ ಅಳೆದಾಗಲೂ ಮೇಲಿನ ಅಂಕಿ 140 ಅಥವಾ ಕೆಳಗಿನದು 90 ಮುಟ್ಟಿದರೆ ವೈದ್ಯರ ಬಳಿ ಕಳುಹಿಸಬೇಕು. 180 ಅಥವಾ 110 ದಾಟಿದ್ದರೆ ಅದೇ ದಿನ ವೈದ್ಯರು ನೋಡಲೇಬೇಕು. ಎದೆನೋವು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಬದಿಯ ಕೈಕಾಲು ಸೋಲುವುದು ಇವುಗಳಲ್ಲಿ ಒಂದು ಕಂಡರೂ ಅಂಕಿಗೆ ಕಾಯದೆ 108ಕ್ಕೆ ಕರೆ ಮಾಡಿ.

ಮಾತ್ರೆ ಬಿಟ್ಟವರನ್ನು ಗದರಿಸಿದರೆ ಮುಂದಿನ ಸಲ ಅವರು ನಿಜ ಹೇಳುವುದಿಲ್ಲ. "ಅಕ್ಕಾ, ಈ ವಾರ ಎಷ್ಟು ದಿನ ತಪ್ಪಿತು?" ಎಂದು ಕೇಳಿ, ಮಾತ್ರೆಯ ಪಟ್ಟಿಯನ್ನು (ಸ್ಟ್ರಿಪ್) ತರಿಸಿ ನೋಡಿ. "ಬಿ.ಪಿ. ನಾರ್ಮಲ್ ಆಯಿತು, ಅದಕ್ಕೇ ಬಿಟ್ಟೆ" ಎಂಬ ಉತ್ತರವನ್ನು ನೀವು ಮತ್ತೆ ಮತ್ತೆ ಕೇಳುವಿರಿ. ಅಂಕಿ ಇಳಿದಿರುವುದು ಮಾತ್ರೆಯಿಂದಲೇ ಎಂಬುದನ್ನು ಅವರ ಕಾರ್ಡಿನಲ್ಲಿರುವ ಹಿಂದಿನ ಅಳತೆಗಳನ್ನು ತೋರಿಸಿ ತಿಳಿಸಬೇಕು. ಅಮ್ಲೋಡಿಪಿನ್ ಎಂಬ ಬಿ.ಪಿ. ಮಾತ್ರೆ ತೆಗೆದುಕೊಳ್ಳುವ ಕೆಲವರ ಪಾದ ಊದಿಕೊಳ್ಳುತ್ತದೆ. ಅಂಥವರು ತಾವಾಗಿ ನಿಲ್ಲಿಸದೆ ವೈದ್ಯರಿಗೆ ತೋರಿಸಲಿ. ಟೆಲ್ಮಿಸಾರ್ಟನ್ ಗರ್ಭಿಣಿಯರಿಗೆ ಸಲ್ಲದ ಬಿ.ಪಿ. ಮಾತ್ರೆಯಾದ್ದರಿಂದ, ಅದನ್ನು ನುಂಗುತ್ತಿರುವ ಮಹಿಳೆಗೆ ಮುಟ್ಟು ತಪ್ಪಿದರೆ ತಡಮಾಡದೆ ವೈದ್ಯರಿಗೆ ತಿಳಿಸಿ. ಕಾಫಿ ಕೊಯ್ಲಿನ ಸಮಯದಲ್ಲಿ ಸೊಂಟನೋವಿಗೆಂದು ಅಂಗಡಿಯಿಂದ ತಂದು ದಿನವೂ ನುಂಗುವ ನೋವಿನ ಮಾತ್ರೆಗಳಲ್ಲಿ ಹಲವು ರಕ್ತದೊತ್ತಡವನ್ನು ಏರಿಸುತ್ತವೆ. ಅದನ್ನು ನಾವಾಗಿ ಕೇಳದೆ ಯಾರೂ ಹೇಳುವುದಿಲ್ಲ.

ಉಪ್ಪು ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚ ಮೀರಬಾರದು. ಗ್ರಾಂ ಲೆಕ್ಕ ಯಾರಿಗೂ ನೆನಪಿರುವುದಿಲ್ಲವಾದ್ದರಿಂದ, ಒಂದು ಕಿಲೋ ಪ್ಯಾಕೆಟ್ ಎಷ್ಟು ದಿನ ಬರುತ್ತದೆಂದು ಕೇಳಿ: ನಾಲ್ವರ ಮನೆಯಲ್ಲಿ ಅದು ಸುಮಾರು 50 ದಿನ ಬರಬೇಕು. ಉಪ್ಪಿನಕಾಯಿ ಮತ್ತು ಒಣಮೀನಿನ ಉಪ್ಪು ಇದಕ್ಕೆ ಸೇರುತ್ತದೆ. ಮಳೆಗಾಲದ ಗಂಜಿಯೂಟದಲ್ಲಿ ಅವೆರಡೂ ಹೆಚ್ಚು. ಪೂರ್ತಿ ಬಿಡಿಸಲು ಹೊರಡುವುದಕ್ಕಿಂತ ಒಣಮೀನನ್ನು ನೀರಿನಲ್ಲಿ ನೆನೆಸಿ ತೊಳೆಯಲು, ಸಾರಿಗೆ ಉಪ್ಪು ಇಳಿಸಿ ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ), ಗಾಂಧಾರಿ ಮೆಣಸಿನಿಂದ ರುಚಿ ತುಂಬಲು ಹೇಳುವುದು ಒಳ್ಳೆಯದು.

ಮಳೆಗಾಲಕ್ಕೆ ಮೇ ತಿಂಗಳಲ್ಲೇ ಸಿದ್ಧರಾಗಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಎಷ್ಟೋ ಊರುಗಳ ದಾರಿ ಮುಚ್ಚಿದ್ದನ್ನು ಕಂಡ ಜಿಲ್ಲೆ ಇದು. ದೂರದ ಮನೆಗಳವರಿಗೆ ಎರಡು ತಿಂಗಳ ಮಾತ್ರೆ ಕೊಡುವಂತೆ ವೈದ್ಯಾಧಿಕಾರಿಗಳನ್ನು ಮುಂಚಿತವಾಗಿ ಕೋರಿಕೊಳ್ಳಿ. ಮಾತ್ರೆಗಳನ್ನು ಪಟ್ಟಿಯಿಂದ ಬಿಡಿಸಿ ಕಾಗದದಲ್ಲಿ ಕಟ್ಟಿಟ್ಟರೆ ತೇವಕ್ಕೆ ಹಾಳಾಗುತ್ತವೆ. ಪಟ್ಟಿಯ ಸಮೇತ ಮುಚ್ಚಳವಿರುವ ಡಬ್ಬಿಯಲ್ಲಿ ಇಡಲಿ.

ಕೊಯ್ಲು ಮುಗಿದೊಡನೆ ಊರಿಗೆ ಮರಳುವ ಹೊರಗಿನ ಕಾರ್ಮಿಕರ ವಿಷಯದಲ್ಲಿ ತೋಟದ ರೈಟರ್ (ಲೆಕ್ಕ ಬರೆಯುವವರು) ಅಥವಾ ಮೇಸ್ತ್ರಿಯಿಂದ ಹೊರಡುವ ದಿನವನ್ನು ಮೊದಲೇ ತಿಳಿದುಕೊಳ್ಳಿ. ಮಾತ್ರೆಯ ಹೆಸರು, ಪ್ರಮಾಣ ಮತ್ತು ಕೊನೆಯ ಅಳತೆಯನ್ನು ಕಾರ್ಡಿನಲ್ಲಿ ಸ್ಪಷ್ಟವಾಗಿ ಬರೆದು, ಕನಿಷ್ಠ ಒಂದು ತಿಂಗಳ ಮಾತ್ರೆಯೊಂದಿಗೆ ಅವರ ಕೈಗೇ ಕೊಡಿ. ಊರು ತಲುಪಿದ ಮೇಲೆ ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ಅದೇ ಕಾರ್ಡ್ ತೋರಿಸಲು ತಿಳಿಸಿ.