ಕ್ಲಿಕ್ ಆಫ್ ಮಾಡಿದೆವು, ಆಲ್ಬಮ್ ಆಯಿತು

ನಮ್ಮ ಬ್ಲೂಸ್ ಬ್ಯಾಂಡಿನ ಹೊಸ ಆಲ್ಬಮ್ ನೋಡಿ, ಹಳೇ ಡ್ರಮ್ಮರ್ ಇಲ್ಲದೆ ಇದು ನಿಮ್ಮ ಬ್ಯಾಂಡೇ ಅಲ್ಲ ಅಂದವರು ಬಹಳ ಜನ. ಹಳಬರಲ್ಲಿ ಉಳಿದದ್ದು ಗಿಟಾರ್ ನುಡಿಸುವ ನಾನು ಮತ್ತು ಬೇಸ್ ನುಡಿಸುವವನು, ಇಬ್ಬರೇ. ಇಂಗ್ಲೆಂಡಿನ ಜಾನ್ ಮಾಯಲ್‌ನ ಬ್ಲೂಸ್ ಬ್ಯಾಂಡಿನಿಂದ 1966ರಲ್ಲಿ ಗಿಟಾರಿಸ್ಟ್ ಎರಿಕ್ ಕ್ಲಾಪ್ಟನ್ ಹೋದ, ಪೀಟರ್ ಗ್ರೀನ್ ಬಂದ. ಮರುವರ್ಷ ಅವನೂ ಹೋದ, ಮಿಕ್ ಟೇಲರ್ ಬಂದ. ಬ್ಯಾಂಡೇನು ಮುಳುಗಲಿಲ್ಲ ಅಲ್ವಾ?

ರೆಕಾರ್ಡಿಂಗನ್ನು ಮೊದಲ ಸಲ ಎಲ್ಲರ ಹಾಗೇ ಮಾಡಿ ಕೆಟ್ಟೆವು. ಕಿವಿಗೆ ಕ್ಲಿಕ್, ಅಂದರೆ ಲಯ ತಪ್ಪದಿರಲು ಹೆಡ್‌ಫೋನಿನಲ್ಲಿ ಟಿಕ್ ಟಿಕ್ ಸದ್ದು; ಮೊದಲು ಡ್ರಮ್ಸ್, ಆಮೇಲೆ ಬೇಸ್, ಹೀಗೆ ಒಬ್ಬೊಬ್ಬರೇ. ಹತ್ತು-ಹನ್ನೊಂದು ದಿನದಲ್ಲಿ ಕೂಡಿಟ್ಟ ದುಡ್ಡಿನ ಮೂರರಲ್ಲಿ ಎರಡು ಪಾಲು ಕರಗಿತು. ಸಿಕ್ಕಿದ್ದು ನಾಲ್ಕು ಹಾಡು. ಒಂದರಲ್ಲೂ ತಪ್ಪಿಲ್ಲ, ಒಂದಕ್ಕೂ ಜೀವವಿಲ್ಲ. ತೂಗಾಡಬೇಕಾದ ಶಫಲ್ ಲಯ ಅಂತೂ ಹೊಲಿಗೆ ಯಂತ್ರದ ಹಾಗೆ ಓಡುತ್ತಿತ್ತು. ನಾಲ್ಕನ್ನೂ ಎಸೆದೆ. ಬೇಸಿನವನು ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ.

ಉಳಿದ ದುಡ್ಡಿಗೆ ನಾಲ್ಕು ದಿನ ಸಿಕ್ಕಿತು. ಐವರೂ ಒಂದೇ ಕೋಣೆಯಲ್ಲಿ ನಿಂತೆವು. ಕ್ಲಿಕ್ ಇಲ್ಲ, ಹೆಡ್‌ಫೋನ್ ಇಲ್ಲ. ನನ್ನದು 15 ವ್ಯಾಟಿನ ಟ್ಯೂಬ್ ಆಂಪ್ಲಿಫೈಯರ್. ಡ್ರಮ್ಸಿಗೆ ನಾಲ್ಕೇ ಮೈಕ್, ಮೇಲಿನ ಎರಡೂ ಸ್ನೇರ್ ಡ್ರಮ್‌ನಿಂದ ಒಂದೇ ದೂರದಲ್ಲಿ. ಗಿಟಾರಿನ ಸದ್ದು ಆ ಮೈಕ್‌ಗಳೊಳಗೆ ಸೋರುತ್ತದೆ ಅಂತ ಇಂಜಿನಿಯರ್ ಗೊಣಗಿದ. ಸೋರಲಿ ಬಿಡು ಅಂದೆ. ಆಂಪನ್ನು ಯಾವ ಕಡೆ ತಿರುಗಿಸಿಟ್ಟೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ. ಕ್ಲಿಕ್ ಇಲ್ಲದ್ದಕ್ಕೆ ಒಂದು ಹಾಡು ನಿಮಿಷಕ್ಕೆ 92 ಬೀಟ್‌ಗಳ ಆಸುಪಾಸು ಶುರುವಾಗಿ 97ಕ್ಕೆ ಮುಗಿಯುತ್ತದೆ. ಜನ ಜಾಸ್ತಿ ಕೇಳುತ್ತಿರುವುದು ಅದನ್ನೇ!

ಹೊಸ ಗಾಯಕಿಯ ಗಂಟಲಿಗೆ ಇ ಶ್ರುತಿ ತಗ್ಗು, ಜಿ ಬೇಕು. ನನ್ನ ರಿಫ್‌ಗಳೋ, ಮತ್ತೆ ಮತ್ತೆ ಬರುವ ಆ ಗಿಟಾರ್ ತುಣುಕುಗಳು, ಬೆರಳೊತ್ತದ ಓಪನ್ ತಂತಿಗಳ ಮೇಲೆ ನಿಂತವು. ಮೂರನೇ ಫ್ರೆಟ್‌ಗೆ ಕೇಪೋ, ಅಂದರೆ ಎಲ್ಲ ತಂತಿಗಳನ್ನೂ ಒತ್ತಿ ಶ್ರುತಿ ಏರಿಸುವ ಕ್ಲಿಪ್, ಹಾಕಿದೆ. ಬ್ಲೂಸ್‌ಗೆ ಕೇಪೋನಾ ಅಂತ ಗೆಳೆಯರು ನಕ್ಕರು. ಬ್ಲೂಸ್ ಗಿಟಾರಿಸ್ಟ್ ಆಲ್ಬರ್ಟ್ ಕಾಲಿನ್ಸ್ ಏನು ಹಾಕುತ್ತಿದ್ದ, ಕೇಪೋನೇ ಅಲ್ವಾ ಅಂತ ಕೇಳಿದೆ, ಸುಮ್ಮನಾದರು. ಆದರೆ ಶ್ರುತಿ ಏರಿದ್ದಕ್ಕೆ ಹಾರ್ಮೋನಿಕಾದವನಿಗೂ ಎ ಬದಲು ಸಿ ಶ್ರುತಿಯ ಹಾರ್ಮೋನಿಕಾ ಬೇಕಾಯಿತು. ಆ ಖರ್ಚೂ ನನ್ನ ತಲೆಗೇ ಬಂತು.

ಒಂದು ಮಧ್ಯಾಹ್ನ ಸುಮ್ನೆ ಹಾರ್ಮೋನಿಕಾದವನ ಆಂಪನ್ನು ಮೆಟ್ಟಿಲ ಕೆಳಗೂ ಮೈಕನ್ನು ಎರಡು ಮಹಡಿ ಮೇಲೂ ಇಟ್ಟು ನೋಡಿದೆ. ಸೊಗಸಾದ ಎಕೋ. ಯಾರೋ ಬಾಗಿಲು ಬಡಿದದ್ದೂ ಟೇಕಿನಲ್ಲಿದೆ. ತೆಗೆಯಲಿಲ್ಲ.

ಹೊಸ ಡ್ರಮ್ಮರ್‌ಗೆ ಹಾಕಿದ್ದು ಒಂದೇ ಷರತ್ತು: ನಮ್ಮ ಹಳೇ ರೆಕಾರ್ಡ್ ಕೇಳಬಾರದು. ಆಲ್ಬಮ್ ಬಂದ ಮೇಲೆ ಹಳೇ ಡ್ರಮ್ಮರ್ ಫೋನ್ ಮಾಡಿದ. ಮೂರನೇ ಹಾಡಿನ ಫಿಲ್, ಅಂದರೆ ಸಾಲುಗಳ ನಡುವೆ ಬರುವ ಡ್ರಮ್ಸ್ ತುಣುಕು, ತನ್ನದೇ, ಹೊಸ ಹುಡುಗ ಕದ್ದಿದ್ದಾನೆ ಅಂದ. ಅವನು ನಿನ್ನ ರೆಕಾರ್ಡ್ ಕೇಳಿಯೇ ಇಲ್ಲ ಮಾರಾಯಾ ಅಂದೆ. ನಂಬಲಿಲ್ಲ.